ಮೂರನೇ ಹೆಸರು

ಮಠವಾಡಿ, ಕಾಸಾರಶಿರಸಿ ಹಾದಿ,
ತಾ. ನಿಲಂಗಾ
ಸೋಮವಾರ, ೨ ಫೆಬ್ರುವರಿ

ಪ್ರೀತಿಯ ಉಮಾ,

ಹ್ಯಾಂಗ ಇದ್ದೀ ಅವ್ವಾ? ಕೆಮ್ಮು ಕಮ್ಮಿ ಆಯ್ತೇನು? ಎಳ್ಳಾಮಾಸಿಗಿ ನಮ್ಮ ಹೊಲಕ್ಕ ಬಂದಾಗ ನೀ ಭಜ್ಜಿ ಬಡಿಸಿಕೊಳ್ಳುವಾಗೂ ಕೆಮ್ಮತಿದ್ದಿ. ಉಮರಗಾದ ಹಾಸ್ಟೇಲ ನೀರು ಉಪ್ಪು ಅಂತ ಹೇಳಿದ್ದಿ, ಕಾಸಿ ಆರಿಸಿ ಕುಡಿ. ನರ್ಸಿಂಗ ಕಲಿಯೋ ಹುಡುಗಿಗಿ ನಾ ಏನ ಹೇಳೋದದ, ನೀನೇ ನಾಕ ಮಂದಿಗಿ ಹೇಳಾಕಿ. ಆದ್ರೂ ಕೇಳಲಾರದ ಮನಸು ತಡಿಯಂಗಿಲ್ಲ. ಪತ್ರದ ಸಂಗಾಟ ಶೇಂಗಾ ಹಿಂಡಿ ಒಂದ ಡಬ್ಬಿ ಕೊಟ್ಟ ಕಳಸ್ಲಾಕತ್ತೀನಿ. ಖಾರ ಕಮ್ಮಿ ಹಾಕೀನಿ. ಕನ್ನಡದಾಗ ಯಾಕ ಬರದಾಳ ಅಂತ ನಿನಗ ಅನಸಬಹುದು. ನನಗ ಮರಾಠಿ ಬರದ್ರ ಸರಕಾರಿ ಅರ್ಜಿ ಬರದಂಗ ಅನಸ್ತದ. ಮತ್ತ, ನಿನ್ನ ಖೋಲಿ ಹುಡುಗ್ಯಾರ ಕೈಯಾಗ ಈ ಕಾಗದ ಸಿಕ್ಕರೂ ಅವರಿಗಿ ಓದಲಿಕ್ಕ ಬರಬಾರದು. ಬಾಳಮ್ಮ ವೈನಿ ನಿನಗ ಅಡಗಿಮನಿ ಫರಸಿ ಮ್ಯಾಲ ಸೀಮೆಸುಣ್ಣದ್ಲೇ ಕನ್ನಡ ಅಕ್ಷರ ತಿದ್ದಿಸ್ಯಾಳ. ಆಕಿ ಉಪಕಾರದಿಂದ ನಾ ಇವತ್ತ ನಿನಗ ಬರೀಲಾಕತ್ತೀನಿ.

ಹದಿಮೂರ ದಿನ ಆಯ್ತು, ನೀ ಫೋನ್ ಎತ್ತವಲ್ಲಿ. ಉದಗೀರದಾಗ ಅಣ್ಣನ ಸಂಗಾಟ ಒಮ್ಮಿ ಮಾತಾಡಿದಿ ಅಂತ ಕೇಳಿದೆ, ಅಷ್ಟು ಸಾಕಾಯ್ತು. ಸಿಟ್ಟಿಗಿ ಬರೋದು ನಿನ್ನ ಹಕ್ಕದ. ನಿನ್ನ ಮೊಬಾಯಿಲಿಗಿ ಯಾರೋ ಕಳಸಿದ ಆ ಫಾರ್ಮದ ಫೋಟೋ ಖರೇ ಅದ. ಸುತ್ತಿ ಬಳಸಿ ಹೇಳಂಗಿಲ್ಲ. ನೀ ನನ್ನ ಹೊಟ್ಟ್ಯಾಗ ಹುಟ್ಟಿದಾಕಿ. ನೀ ಅಪ್ಪ, ಅವ್ವಾ ಅನ್ನೋ ನಮ್ಮಣ್ಣ ಸೂರ್ಯಕಾಂತ, ವೈನಿ ಬಾಳಮ್ಮ ನಿನ್ನ ಎತ್ತಿ ಬೆಳಸಿದವರು. ವೈಷ್ಣವಿ, ಸುಮಿತ ನಿನ್ನ ಅತ್ತಿ ಮಕ್ಕಳಲ್ಲ, ಒಡಹುಟ್ಟಿದವರು. ಮತ್ತ ಊರಿಗಿ ಭೀಮಾಶಂಕರ ಸರಪಂಚ ಆದ ಮನಶ್ಯಾ, ನೀ ಹತ್ತೊಂಬತ್ತ ವರ್ಷ ಮಾಮಾ ಅಂತ ಕರದ ಮನಶ್ಯಾ ನಿನ್ನ ತಂದಿ. ಅವರನ್ನ ಈ ಪತ್ರದಾಗ ಏನಂತ ಬರೀಲಿ? 'ಅವರು' ಅಂತೀನಿ. ಹ್ಯಾಂಗೂ ನಾ ಗಂಡನ ಹೆಸರ ಹಿಡದಾಕಿ ಅಲ್ಲ.

ಅವರನ್ನ ಕೆಟ್ಟ ಮನಶ್ಯಾ ಅಂತ ತಿಳೀಬ್ಯಾಡ. ನಿಮ್ಮಜ್ಜ ಕಾಶೆಪ್ಪ ಈ ಊರ ಹಳೀ ಒಕ್ಕಲಿಗ. ಹೊಲ ಇತ್ತು, ಎತ್ತ ಇದ್ದುವು, ಬಾಯಾಗ ಮರಾಠಿ ಮಾತ್ರ ಇರಲಿಲ್ಲ. ಅವರು ಹನ್ನೊಂದ ವರ್ಷದವರಿದ್ದಾಗ ಅಪ್ಪನ ಸಂಗಾಟ ಹೊಲದ ಉತಾರಾ ಕಾಗದ ಕೇಳಲಿಕ್ಕ ಕಚೇರಿಗಿ ಹೋಗಿದ್ದರಂತ. ಸಾಹೇಬಗ ಅಂತ ಒಂದ ಬುಟ್ಟಿ ಎಳೀ ಜ್ವಾಳದ ಸೀತನಿ ಒಯ್ದಿದ್ದರು. ಒಳಗಿನವರು ಸೀತನಿ ತಿಂದು ಮುಗಿಸಿದ್ರು. ಅಜ್ಜನ್ನ ಮಾತ್ರ 'ಏ ಕಾನಡೀ, ಬಾಹೇರ ಬಸ್' ಅಂತ ಹೊರಗ ಚಪ್ಪಲಿ ಬಿಡೋ ಜಾಗಾದಾಗ ಸಂಜೀತನ ಕೂಡಿಸಿದ್ರು. ಅವರಿಗಿ ಅದು ಎದಿಯಾಗ ನಟ್ಟಿತು. ಮರಾಠಿ ಹ್ಯಾಂಗ ಕಲತ್ರು ಅಂದ್ರ, ಅವರ ಭಾಷಣ ಕೇಳಿದ ಲಾತೂರ ಮಂದಿನೂ ಇವರು ಕನ್ನಡದವರು ಅಂತ ನಂಬತಿರಲಿಲ್ಲ. ನಾ ಮದುವಿ ಆಗಿ ಬಂದಾಗ ನಮ್ಮ ಕಟ್ಟಿ ಮ್ಯಾಲ ದಿನಾ ಹತ್ತ ಮಂದಿ ಕುಂತಿರತಿದ್ದರು. ಮುದುಕ್ಯಾರ ಪಗಾರದ ಅರ್ಜಿ, ಸಾಲಿ ದಾಖಲೆ, ಹೊಲದ ಬಾಂಧಿನ ಜಗಳ, ಎಲ್ಲಾ ಅವರೇ ಬರದ ಕೊಡತಿದ್ದರು, ಒಂದ ಚಹಾ ಸುದ್ದಾ ಕುಡೀತಿರಲಿಲ್ಲ. ಸರಪಂಚ ಆಗಬೇಕು ಅನ್ನೋದು ಅವರಿಗಿ ಬರೇ ಹೌಸ ಇರಲಿಲ್ಲ. ಅದು ಹಸಿವಿ ಇತ್ತು. ಉಣ್ಣುವಾಗ ಅದೇ ಮಾತು, ಎಮ್ಮಿ ಮೈ ತೊಳಿಯುವಾಗ ಅದೇ ಮಾತು.

ಚುನಾವಣಿ ಇನ್ನ ಆರ ತಿಂಗಳ ಇದ್ದಾಗ ನೀ ನನ್ನ ಹೊಟ್ಟ್ಯಾಗ ಇದ್ದೀ ಅಂತ ತಿಳೀತು. ವೈಷ್ಣವಿಗಿ ಏಳು, ಸುಮಿತಗ ಮೂರು ನಡದಿತ್ತು. ನಮ್ಮ ಮಹಾರಾಷ್ಟ್ರದ ಕಾಯ್ದೆ ನಿನಗ ಗೊತ್ತದ, ಎರಡಕ್ಕಿಂತ ಹೆಚ್ಚ ಮಕ್ಕಳಿದ್ದವರು ಪಂಚಾಯ್ತಿಗಿ ನಿಲ್ಲಲಿಕ್ಕ ಬರಂಗಿಲ್ಲ. ದತ್ತಕ ಕೊಟ್ರೂ ಲೆಕ್ಕದಾಗಿಂದ ಹೋಗಂಗಿಲ್ಲ, ಹುಟ್ಟಿದ್ದೇ ತಿಳೀಬಾರದು. ನಿಲಂಗಾದ ಡಾಕ್ಟರಬಾಯಿ ದಿನಾ ಮೀರ್ಯಾವ, ತೆಗಿಲಿಕ್ಕ ಆಗಂಗಿಲ್ಲ ಅಂದ್ರು. ಆವಾಗ ಅವರು ಅಂದ್ರು, ಉದಗೀರದಾಗ ವೈನಿಗಿ ಮದುವಿ ಆಗಿ ಹನ್ನೊಂದ ವರ್ಷ ಆದ್ರೂ ಕೂಸಿಲ್ಲ, ಆಕಿ ಉಡ್ಯಾಗ ಹಾಕಿಬಿಡೋಣ ಅಂತ. ನಾ ಹೂಂ ಅಂದೆ. 'ತವರಮನ್ಯಾಗ ಅವ್ವಗ ಆರಾಮಿಲ್ಲ' ಅಂತ ಊರಿಗಿ ಹೇಳಿ ಐದ ತಿಂಗಳ ಉದಗೀರದಾಗ ಉಳದೆ. ವೈನಿ ಹೊಟ್ಟಿಗಿ ಅರಬಿ ಕಟಗೊಂಡು ಓಣ್ಯಾಗ ಅಡ್ಡಾಡಿದಳು. ನೀ ಹುಟ್ಟಿದಾಗ ಸೂಲಗಿತ್ತಿ ನಿನ್ನ ನನಗ ತೋರಿಸಿ ಆಮ್ಯಾಲ ವೈನಿ ಬಗಲಾಗ ಮಲಗಿಸಿದಳು. ಹೆಸರಿಟ್ಟಾಕಿ ವೈನಿ. ಉಮಾಶ್ರೀ ಅಂದಾಗ ಆಕಿ ಕಣ್ಣಾಗಿನ ಬೆಳಕ ನೋಡಿ ನನಗ ಒಂದ ಗಳಿಗಿ ನಾ ಪುಣ್ಯದ ಕೆಲಸ ಮಾಡೀನಿ ಅನಿಸಿತ್ತು. ಖರೇನೇ ಅನಿಸಿತ್ತು.

ನೀ ಹುಟ್ಟಿ ನಲವತ್ತೊಂದನೇ ದಿನ ಅವರು ಗೆದ್ದರು. ಊರೆಲ್ಲಾ ಗುಲಾಲ. ಬಾಗಲದಾಗ ಹೆಣ್ಣಮಕ್ಕಳು ಆರತಿ ಹಿಡದು ನಿಂತಿದ್ದರು, ನಾ ಹೊಸಾ ಇಳಕಲ್ಲ ಸೀರಿ ಉಟ್ಟು ಅವರ ಬಾಜೂಕ ನಿಂತಿದ್ದೆ. ಯಾರದೋ ಸಣ್ಣ ಕೂಸು ಜೋರಾಗಿ ಅತ್ತಿತು ನೋಡು, ನನ್ನ ಕುಪ್ಪಸ ಹಾಲಿಂದ ತೊಯ್ದ ಹೋಯ್ತು. ನಮ್ಮತ್ತಿ ಪ್ರಯಾಗಬಾಯಿ ನೋಡಿದ್ರು. ಗಡಬಡಿಸಿ ನನ್ನ ಮೈಮ್ಯಾಲ ಸೆರಗ ಎಳದು 'ಸೊಸಿಗಿ ಬಿಸಲ ಹತ್ಯಾದ' ಅಂತ ಒಳಗ ಕರಕೊಂಡ ಹೋದ್ರು. ಅವರು ಹೊರಗ ಹಾರ ಹಾಕಿಸಿಕೊಳ್ಳಲಾಕತ್ತಿದ್ದರು. ಬಾಗಲ ಕಡಿ ಒಮ್ಮಿ ಹೊಳ್ಳಿ ನೋಡಿದ್ರು. ಅವರಿಗಿ ತಿಳೀತು ಅಂತ ನನಗ ತಿಳೀತು. ಇಬ್ಬರೂ ಆ ಮಾತ ಮತ್ತ ಎಂದೂ ಎತ್ತಲಿಲ್ಲ.

ಸರಪಂಚರಾಗಿ ಅವರು ಮಾಡಿದ್ದ ಕೆಲಸ ಸಣ್ಣದಲ್ಲ. ಮನಿ ಮನಿಗಿ ನಳ ಬಂತು. ಮಳಿಗಾಲದಾಗ ಹೆಣ ಹೊತ್ತವರು ಮೊಣಕಾಲತನ ಕೆಸರಾಗ ಹುಗದ ಹೋಗತಿದ್ದರು, ರುದ್ರಭೂಮಿಗಿ ಪಕ್ಕಾ ರಸ್ತಾ ಮಾಡಿಸಿದ್ರು. ಪಂಚಾಯ್ತಿ ಕಚೇರ್ಯಾಗ ಯಾರಿಗೂ ನೆಲದ ಮ್ಯಾಲ ಕೂಡಲಿಕ್ಕ ಬಿಡಲಿಲ್ಲ, ಮೊದಲ ಬೆಂಚ ಹಾಕಿಸಿದ್ರು. ಆದ್ರ ಉದಗೀರಕ್ಕ ಕೆಲಸಕ್ಕ ಹೋದ್ರ ಅಣ್ಣನ ಅಂಗಡಿತನ ಹೋಗತಿದ್ದರು, ಮನಿಗಿ ಕಾಲ ಇಡತಿರಲಿಲ್ಲ. ತೊಗರಿ, ಜ್ವಾಳ, ಬೆಲ್ಲ ಅಂಗಡ್ಯಾಗೇ ಇಳಿಸಿ ಬರತಿದ್ದರು. ನಿನಗ ನಾಕ ವರ್ಷ ಇದ್ದಾಗ ಒಂದ ಮದುವಿಗಿ ವೈನಿ ನಿನ್ನ ಇಲ್ಲಿಗಿ ಕರಕೊಂಡ ಬಂದಿದ್ದಳು. ನೀ ಓಡಿ ಹೋಗಿ ಅವರ ಧೋತ್ರಾ ಹಿಡದು 'ಮಾಮಾ, ಎತಗೋ' ಅಂದಿ. ಸುತ್ತ ಹತ್ತ ಮಂದಿ ಇದ್ದರು. ಅವರು ನಿನ್ನ ಎತಗೊಳ್ಳಲಿಲ್ಲ. ಬಾಳೆಹಣ್ಣ ಒಂದ ಕೈಯಾಗ ಕೊಟ್ಟು ಕೊಟಗಿ ಕಡಿ ಹೋದ್ರು. ನಾ ಹಿಂದ ಹೋಗಿ ನೋಡಿದ್ರ ಎಮ್ಮಿ ಕೊಳ್ಳಿಗಿ ಹಣಿ ಹಚ್ಚಿ ನಿಂತಿದ್ದರು. 'ಮಕ್ಕಳು ಎಷ್ಟ ಅಂತ ಬರಕೊಡುವಾಗ ಕೈ ನಡುಗಲಿಲ್ಲ ಸುಗಂಧಾ. ಈಗ ನಡಗ್ಲಾಕತ್ಯಾದ' ಅಂದ್ರು.

ಆದ್ರೂ ಖುರ್ಚಿ ಬಿಡಲಿಲ್ಲ. ಅದನ್ನೂ ಹೇಳಬೇಕಲ್ಲ. ಒಂಬತ್ತ ವರ್ಷದ ಹಿಂದ ಭೀಮಶಾ ಅನ್ನೋರು ಎದುರಿನ ಗುಂಪಿನಿಂದ ಮೆಂಬರ ಆಗಿ ಗೆದ್ದರು. ನೀ ನೋಡೀದಿ ಅವರನ್ನ, ದೊಡ್ಡ ಮೀಸಿ, ಕಡ್ಲಿ ಹೊಲ ಕೆರಿ ದಂಡಿಗದ. ಗೆದ್ದಮ್ಯಾಲ ಭೀಮಶಾಗ ಇಬ್ಬರ ಗಂಡಮಕ್ಕಳ ಹಿಂದ ಒಬ್ಬಾಕಿ ಹುಡುಗಿ ಹುಟ್ಟಿದಳು. ಭೀಮಶಾ ಇಲ್ಲದಿದ್ರ ಪಂಚಾಯ್ತಿ ಪೂರಾ ನಮ್ಮ ಕೈಗಿ ಬರತಿತ್ತು. ನಮ್ಮ ಗುಂಪಿನವರು ತಕರಾರ ಅರ್ಜಿ ಬರದ್ರು, ಮೂರು ಮಕ್ಕಳವ, ಮೆಂಬರಿ ರದ್ದ ಮಾಡ್ರಿ ಅಂತ. ಮೊದಲನೇ ಸಹಿ ಅವರದು. ನಾ ಚಹಾ ಕೊಡಲಿಕ್ಕ ಹೋದಾಗ ಆ ಕಾಗದ ನೋಡಿದೆ. ಅವರು ನನ್ನ ಮಾರಿ ನೋಡಲಿಲ್ಲ.

ಚೌಕಶಿಗಿ ಸಾಹೇಬ ಬಂದಾಗ ಭೀಮಶಾಗ ಎಷ್ಟೋ ಮಂದಿ ಹೇಳಿದ್ದರಂತ, ತಮ್ಮನ ಮಗಳು ಅಂತ ಹೇಳಿಬಿಡ್ರಿ, ಯಾರು ನೋಡ್ತಾರ. ಭೀಮಶಾ ಎರಡ ವರ್ಷದ ಹುಡುಗಿನ್ನ ಹೆಗಲ ಮ್ಯಾಲ ಕೂಡಿಸಿಕೊಂಡೇ ಕಚೇರಿಗಿ ಬಂದ್ರು. 'ನನ್ನ ಮಗಳು ರೀ ಸಾಹೇಬ. ಬ್ಯಾರೇವರ ಹೆಸರಿಗಿ ಹಚ್ಚಂತ ಮಂದಿ ಹೇಳ್ಯಾರ. ನಾಳಿ ಈಕಿ ದೊಡ್ಡಾಕಿ ಆಗಿ, ಅಪ್ಪಾ, ಅವತ್ತ ನನ್ನ ಯಾಕ ಬ್ಯಾಡ ಅಂದಿ ಅಂತ ಕೇಳಿದ್ರ ನಾ ಯಾವ ಖುರ್ಚಿ ಹಿಂದ ಅಡಗಲಿ? ಬರಕೋರಿ' ಅಂದ್ರು. ಭೀಮಶಾ ಸಹಿ ಮಾಡುವಾಗ ಆ ಹುಡುಗಿ ಮೇಜಿನ ಮ್ಯಾಲಿಂದು ಸರಪಂಚರ ಶಿಕ್ಕಾ ಕೈಯಾಗ ಹಿಡದು ಕಾಗದ ಮ್ಯಾಲ, ಮೇಜ ಮ್ಯಾಲ, ತನ್ನ ಅಂಗಿ ಮ್ಯಾಲ ಠಪ್ ಠಪ್ ಒತ್ತಿತಂತ. ಎಲ್ಲರೂ ನಕ್ಕರು. ನಮ್ಮನಿಯವರಿಗಿ ಮಾತ್ರ ನಗಲಿಕ್ಕ ಆಗಲಿಲ್ಲ. ಮನಿಗಿ ಬಂದು ಕೈಕಾಲ ತೊಳೀದೇ ಕುಂತ್ರು. ರೊಟ್ಟಿ ಹಚ್ಚಿಟ್ರ ತಾಟ ಸರಿಸಿದ್ರು. 'ಅಂವಾ ಸೋತ ಹೋದ. ಹೋಗುವಾಗ ಹ್ಯಾಂಗ ಹೋದ ಗೊತ್ತದೇನ? ಲಗ್ನದ ಮೆರವಣಿಗ್ಯಾಗ ಹೋದಂಗ ಹೋದ. ನಾ ಗೆದ್ದು ಮನಿಗಿ ಬರಲಿಕ್ಕ ಓಣಿ ಹುಡುಕ್ಲಾಕತ್ತಿದ್ದೆ' ಅಂದ್ರು.

ಅಂದಿನಿಂದ ಆ ಮನಶ್ಯಾ ಮೊದಲಿನಂಗ ಆಗಲಿಲ್ಲ. ತೊಟ್ಟಿಲಿಗಿ ಹಾಕೋ ಕಾರ್ಯಕ್ಕ ಯಾರ ಕರದ್ರೂ ಹೋಗೋದ ಬಿಟ್ಟರು. ಏನೇನೋ ನೆವಾ ಹೇಳಿ ಉದಗೀರಕ್ಕ ಹೋಗಲಿಕ್ಕ ಶುರು ಮಾಡಿದ್ರು. ನಿನಗ ಗೊತ್ತಿಲ್ಲ, ನೀ ಹತ್ತನೇ ಇಯತ್ತ್ಯಾಗ ಇದ್ದಾಗ ನಿನ್ನ ಸಾಲಿ ಎದುರ ರಸ್ವಂತಿ ಅಂಗಡ್ಯಾಗ ಕಬ್ಬಿನ ಹಾಲಿನ ಗಿಲಾಸ ಹಿಡಕೊಂಡು ಸಾಲಿ ಬಿಡೋತನ ಕುಂದರತಿದ್ದರು. ವೈನಿ ಒಂದ ದಿನ ನೋಡಿಬಿಟ್ಟಳು. ಮರುದಿನ ನನಗ ಫೋನ್ ಹಚ್ಚಿ ಅತ್ತ ಅತ್ತ ಅಂದಳು, 'ನಿಮ್ಮ ಮನಿಯವರಿಗಿ ಹೇಳ್ರಿ ಸುಗಂಧಾಬಾಯಿ. ಉಡ್ಯಾಗ ಹಾಕಿದ್ದನ್ನ ಮತ್ತ ಕಸಗೋತಾರೇನು? ಹುಡುಗಿ ಮಾರಿ ಮ್ಯಾಲ ಅವರ ನೆರಳ ಬೀಳೋದ ಬ್ಯಾಡ.' ನಾ ಹೇಳಿದೆ. ಅವರು ಅವತ್ತಿನಿಂದ ಹೋಗೋದ ಬಿಟ್ಟರು. ನಿನಗ ಹತ್ತನೇದ್ರಾಗ ಎಷ್ಟ ಮಾರ್ಕ ಬಂತು ಅನ್ನೋದು ಮಾತ್ರ ಅಣ್ಣನಕಿಂತ ಮೊದಲ ಇವರಿಗಿ ಗೊತ್ತಿತ್ತು.

ಈಗ ಆ ದಿನದ ಸುದ್ದಿ. ಇಪ್ಪತ್ತ ವರ್ಷ ಬೇಡಿದ್ದು ಈ ಸಲ ಮನಿ ಬಾಗಲಿಗಿ ಬಂತು, ಜಿಲ್ಲಾ ಪರಿಷತ್ತಿನ ತಿಕೀಟ. ನಾಕ ಜೀಪ ಮಾಡಿಕೊಂಡು ನಿಲಂಗಾಕ್ಕ ಹೋದ್ವಿ. ಉಮೇದವಾರನ ಹೆಂಡತಿ ಅಂತ ನನ್ನೂ ಮುಂದಿನ ಜೀಪಿನಾಗ ಕೂಡಿಸಿದ್ರು. ಫಾರ್ಮ ತುಂಬೋ ಕಂಪ್ಯೂಟರ ಅಂಗಡ್ಯಾಗ ಒಬ್ಬಾಕಿ ಬಾಯಿ ಕುಂತಿದ್ದಳು. ಹೆಸರು, ವಯಸ್ಸು, ಹೊಲ ಎಷ್ಟು, ಒಂದೊಂದೇ ಕೇಳಿ ಟೈಪ ಮಾಡಿದಳು. 'ಮುಲಂ ಕಿತೀ, ಸಾಹೇಬ?' ಮಕ್ಕಳು ಎಷ್ಟು ಅಂತ ಕೇಳಿದಳು. ಕೇಳಿ ತಾನೇ ಎರಡು ಅಂತ ಒತ್ತಿದಳು, ಅಲ್ಲೂ ಅದೇ ಕಾಯ್ದೆ, ಎಲ್ಲರೂ ಎರಡೇ ಹೇಳೋರು. ಅವರು ಅಂದ್ರು, 'ತೀನ್.' ಆಕಿ ನಕ್ಕಳು. ಹಿಂದ ನಿಂತ ಲೀಡರ ಮಂದಿನೂ ನಕ್ಕರು, ಸಾಹೇಬ್ರು ಚಾಷ್ಟಿ ಮಾಡ್ಲಾಕತ್ಯಾರ ಅಂತ. ಅವರು ಈ ಸಲ ಕನ್ನಡದಾಗ ಅಂದ್ರು, ನನ್ನ ಕಡಿ ನೋಡಿ ಅಂದ್ರು, 'ಮೂರು. ವೈಷ್ಣವಿ, ಸುಮಿತ, ಉಮಾಶ್ರೀ.' ಆಮ್ಯಾಲ ಆ ಬಾಯಿಗಿ ಮರಾಠಿಯಾಗ ಒಂದೊಂದ ಅಕ್ಷರ ಬಿಡಿಸಿ ನಿನ್ನ ಹೆಸರ ಬರಸಿದ್ರು. ಪ್ರಿಂಟಿನ ಮಶೀನಿನಾಗಿಂದ ಫಾರ್ಮ ಹೊರಗ ಬಂತು. ಯಾರೋ ಫೋಟೋ ಹೊಡಕೊಂಡ್ರು.

ಜೀಪೆಲ್ಲಾ ನಮ್ಮನ್ನ ಬಿಟ್ಟ ಹೋದವು. ಸಂಜಿ ಎಸ್‌ಟಿ ಬಸ್ಸಿಗಿ ಹೊಳ್ಳಿ ಬಂದ್ವಿ. ಬಸ್ಸಿನಾಗ ಅವರು 'ಸುಗಂಧಾ, ಎದಿ ಹಗುರ ಆಯ್ತು' ಅಂದ್ರು. ನನಗ ಎಲ್ಲಿ ಸಿಟ್ಟ ಅಡಗಿ ಕುಂತಿತ್ತೋ! 'ನಿಮ್ಮದು ಹಗುರ ಆಯ್ತು. ಅದನ್ನ ಒಯ್ದು ಆ ಹುಡುಗಿ ಎದಿ ಮ್ಯಾಲ ಇಟ್ರಿ. ಅವತ್ತ ಆಕಿನ್ನ ಕೇಳಲಿಲ್ಲ, ಕೂಸಿತ್ತು. ಇವತ್ತ ಹತ್ತೊಂಬತ್ತ ವರ್ಷದಾಕಿ ಆಗ್ಯಾಳ, ಒಂದ ಮಾತ ಕೇಳಬೇಕಿತ್ತಿಲ್ಲೊ? ನಮ್ಮಣ್ಣಗ, ವೈನಿಗಿ ಕೇಳಬೇಕಿತ್ತಿಲ್ಲೊ?' ಅಂದೆ. ಅವರ ಮಾರಿ ಸಣ್ಣದಾಯ್ತು. ಆ ಮಾತು ಅವರ ತಲ್ಯಾಗ ಬಂದೇ ಇರಲಿಲ್ಲ. ಕಾಸಾರಶಿರಸಿ ಸ್ಟ್ಯಾಂಡಿನಾಗ ಇಳದು ನಿನಗ ಫೋನ್ ಹಚ್ಚಿದ್ರು. ಅಷ್ಟರಾಗ ಫೋಟೋ ನಿನ್ನತನ ಮುಟ್ಟಿತ್ತು. ನೀ ಒಂದೇ ಮಾತ ಅಂದಿ: 'ಮಾಮಾ, ನನ್ನ ಹೆಸರ ನೀವ್ಯಾಕ ಬರಸಿದ್ರಿ? ನಮ್ಮಪ್ಪನ ಹೆಸರು ಸೂರ್ಯಕಾಂತ ಅದ.' ಫೋನ್ ಇಟ್ಟಿ. ನಮ್ಮೂರಿಗಿ ಹೋಗೋ ಎರಡ ಬಸ್ಸು ಬಂದು ಹೋದವು, ಅವರು ಕುಂತ ಬಾಕಡಾ ಬಿಟ್ಟ ಏಳಲಿಲ್ಲ.

ನೀ ಅಂದದ್ದು ತಪ್ಪಲ್ಲ. ಅವರೂ ಹಂಗೇ ಅಂತಾರ. ಮರುದಿನ ಸರಪಂಚಕಿಗಿ ರಾಜೀನಾಮಾ ಕೊಟ್ಟರು. ಆಮ್ಯಾಲ ಭೀಮಶಾನ ಹೊಲಕ್ಕ ಹೋದ್ರು, ನಾನೂ ಹಿಂದ ಹೋದೆ. ಭೀಮಶಾ ಕಡ್ಲಿ ಕೀಳ್ಲಾಕತ್ತಿದ್ದರು, ಕೈ ನಿಲ್ಲಿಸಲಿಲ್ಲ. ಅವರು ಬಾಂಧಿನ ಮ್ಯಾಲ ನಿಂತೇ ತಪ್ಪಾಯ್ತು ಅಂದ್ರು. ಭೀಮಶಾ ಅಂದ್ರು, 'ಮೆಂಬರಿ ಹೋದದ್ದು ನನಗೇನ ದುಃಖಿಲ್ಲ ಭೀಮಾಶಂಕರ. ನಿನ್ನ ಮಗಳನ್ನ ಬಿಟ್ಟ ಕುಂತು ನನ್ನ ಮಗಳನ್ನ ಎಣಿಸಿದಿ ನೋಡು, ಅದು ಮಾತ್ರ ತಡೀಲಿಕ್ಕ ಆಗವಲ್ದು.' ಇವರು ಕಣ್ಣಾಗ ನೀರ ತಂದ್ರು. ಭೀಮಶಾ ಕೊಡದಾಗಿನ ನೀರ ಒಂದ ಚರಗಿ ಕೊಟ್ಟರು. ಹೊಳ್ಳಿ ಕಡ್ಲಿ ಕೀಳಲಿಕ್ಕ ಬಾಗಿದ್ರು.

ಸುಮಿತ ಅಪ್ಪನ ಸಂಗಾಟ ಮಾತ ಬಿಟ್ಟಾನ, ಊರಾಗ ತಲಿ ಎತ್ತಂಗಿಲ್ಲ ಮಾಡಿದಿ ಅಂತ. ಲೋಹಾರಾದಿಂದ ವೈಷ್ಣವಿ ಫೋನ್ ಮಾಡಿ ಅತ್ತಳು. ಆಕಿಗಿ ಏಳ ವರ್ಷ ಇದ್ದಾಗಿಂದ ಗೊತ್ತಿತ್ತಂತ. ಯಾರಿಗೂ ಅಂದಿಲ್ಲ. ಅದಕ್ಕೇ ಪ್ರತಿ ಸಲ ರಾಖಿ ಹಬ್ಬಕ್ಕ ನಿನಗೊಂದ ಡ್ರೆಸ್ ಕಳಸತಿದ್ದಳಂತ. ಅವರು ಊಟಾ ಮಾಡ್ತಾರ, ಹೊಲಕ್ಕ ಹೋಗ್ತಾರ. ಯಾರರೇ ಅರ್ಜಿ ಬರಸಲಿಕ್ಕ ಬಂದ್ರ ಮಾತ್ರ 'ನನ್ನ ಕೈದು ಯಾಕ ಬ್ಯಾಡ್ರೀಪಾ' ಅಂತ ಹೊಳ್ಳಿ ಕಳಸ್ತಾರ.

ಮುಖ್ಯ ಮಾತು ಇದು. ಹಿಂದಿನ ಸುಳ್ಳ ಪ್ರತಿಜ್ಞಾಪತ್ರದ ಮ್ಯಾಲ ಲಾತೂರದಾಗ ವಿಚಾರಣಿ ಅದ. ನಿನಗೂ ನೋಟೀಸ ಬರತದ. ವಕೀಲ ವಿಶ್ವನಾಥಪ್ಪ ಮನಿಗಿ ಬಂದು ಹೇಳ್ಯಾರ, ಕಾಗದದ ಮ್ಯಾಲ ನೀ ಸೂರ್ಯಕಾಂತನ ಮಗಳು. ನೀನೂ ಹಂಗೇ ಅಂದ್ರ, ಸಾಹೇಬ್ರಿಗಿ ಅವತ್ತ ತಲಿ ಸರಿ ಇರಲಿಲ್ಲ ಅಂತ ಬರದು ಪ್ರಕರಣ ಮುಗಿಸಬಹುದು, ಇಲ್ಲದಿದ್ರ ಶಿಕ್ಷಾನೂ ಆಗಬಹುದು, ಹುಡುಗಿಗಿ ನೀವೇ ಒಂದ ಪತ್ರ ಬರೀರಿ ಅಂತ. ಆ ಪತ್ರ ಬರೀಲಿಕ್ಕೇ ಕುಂತಿದ್ದೆ. ಬರದದ್ದು ಇದು. ಅವರು ನನಗ ಕೈಮುಗದು ಹೇಳ್ಯಾರ, ಹುಡುಗಿಗಿ ಏನೂ ಕಲಿಸಿಕೊಡಬ್ಯಾಡ, ಆಕಿ ಬಾಯಿಗಿ ಏನ ಬರತದೋ ಅದೇ ಇರಲಿ ಅಂತ. ನೀ ಸೂರ್ಯಕಾಂತನ ಮಗಳು ಅಂದ್ರ ಅದೂ ಸುಳ್ಳಲ್ಲ, ಜ್ವರ ಬಂದಾಗ ನಿನ್ನ ಹೆಗಲ ಮ್ಯಾಲ ಹೊತ್ತವ ನಮ್ಮಣ್ಣ. ಬ್ಯಾರೇ ಅಂದ್ರ ಅದೂ ಖರೇ. ನಮ್ಮನ್ನ ಉಳಸಲಿಕ್ಕ ಒಂದ ಅಕ್ಷರ ಹೇಳಬ್ಯಾಡ, ನಮಗ ಶಿಕ್ಷಾ ಕೊಡಲಿಕ್ಕೂ ಹೇಳಬ್ಯಾಡ. ನಿನ್ನ ಸಲುವಾಗಿ ಹೇಳು. ಬಾಳಮ್ಮ ವೈನಿಗಿ ಮಾತ್ರ ದಿನಾ ಒಮ್ಮಿ ಫೋನ್ ಮಾಡಿ 'ಅವ್ವಾ' ಅನ್ನು. ಆಕಿ ಈ ಹದಿಮೂರ ದಿನದಾಗ ಅರ್ಧಾ ಆಗ್ಯಾಳ.

ಪರೀಕ್ಷಾ ಛಂದ ಬರಿ. ಶಿವ ನಿನ್ನ ಬೆನ್ನಿಗಿರಲಿ, ನಿನ್ನ ಕೈಗುಣ ಛಲೋ ಆಗಲಿ, ನೀ ಮುಟ್ಟಿದ ರೋಗಿ ಎದ್ದ ಕೂಡಲಿ.

ಇಂತಿ,
ಸುಗಂಧಾ

ತಾ.ಕ.: ಬಸ್ಸಿನ ಹೊತ್ತಾಯ್ತು, ಡಬ್ಬಿ ಕಟ್ಟೀನಿ, ಆದ್ರ ಮ್ಯಾಲ ಒಂದ ಸುಳ್ಳ ಬರದೀನಿ, ಅದನ್ನ ಬಿಟ್ಟ ಲಕೋಟಿ ಮುಚ್ಚಲಿಕ್ಕ ಕೈ ಬರವಲ್ದು. ನಿನ್ನನ್ನ ವೈನಿ ಉಡ್ಯಾಗ ಹಾಕೋಣ ಅಂದವರು ಅವರಲ್ಲ. ನಾನು. ಅವರು, 'ಈ ಸಲ ನಾ ನಿಲ್ಲಂಗಿಲ್ಲ ಬಿಡು, ಕೂಸು ನಮ್ಮ ಮನ್ಯಾಗ ಬೆಳೀಲಿ' ಅಂದಿದ್ದರು. ನಾ ಮೂರ ದಿನ ಹಠಾ ಹಿಡದೆ. ಸರಪಂಚನ ಹೆಂಡತಿ ಅನಿಸಿಕೊಳ್ಳೋ ಆಸೆ ನನಗಿತ್ತು, ಅವರಕಿಂತ ಹೆಚ್ಚಿತ್ತು. ಹತ್ತೊಂಬತ್ತ ವರ್ಷದಾಗ ಅವರು ಒಮ್ಮಿನೂ, ಯಾರ ಮುಂದೂ, ನನ್ನ ಮುಂದೂ, ಅದನ್ನ ಬಾಯಿಬಿಟ್ಟ ಅಂದಿಲ್ಲ. ಅವರ ಫೋನ್ ಬಂದ್ರ ಒಮ್ಮಿ ಎತ್ತು ಉಮಾ. ನಂದು ಎತ್ತದಿದ್ರೂ ನಡೀತದ.